ಚುಕ್ಕಿಗಳ ಮೇಲೆ ಗಂಧ

ಗಂಗಾಲಕ್ಷ್ಮಿಗೆ ಹುಟ್ಟಿನಿಂದ ಕಣ್ಣಿಲ್ಲ. ಅದಕ್ಕೆ ಯಾರಾದರೂ ಲೊಚಗುಟ್ಟಿದರೆ ನನಗೆ ಮೈ ಉರಿಯುತ್ತದೆ, ಅವಳಿಗೆ ನಗು ಬರುತ್ತದೆ. ಮೆಟ್ಟೂರು ಕಡೆಯ ಹಳ್ಳಿಯವಳು. ಸೇಲಂನಲ್ಲಿ ಬ್ರೈಲ್ ಪುಸ್ತಕ ಅಚ್ಚು ಮಾಡುವ ನಮ್ಮ ಟ್ರಸ್ಟಿನಲ್ಲಿ ತಪ್ಪು ತಿದ್ದುವ ಕೆಲಸ ಅವಳದು. ನಾನು ಮಾಲತಿ, ಅಲ್ಲೇ ಟೈಪಿಸ್ಟ್.

ತೊಂಬತ್ತೆಂಟರಲ್ಲಿ ಹೊರದೇಶದ ದಾನಿಯೊಬ್ಬರು ಒಂದು ಪೆಟ್ಟಿಗೆ ಕಳಿಸಿದರು. ಕಂಪ್ಯೂಟರಿಗೆ ಜೋಡಿಸಿದರೆ ಪರದೆಯ ಮೇಲಿನ ಸಾಲು ಅದರ ಮೇಲೆ ಬ್ರೈಲ್ ಚುಕ್ಕಿಗಳಾಗಿ ಏಳುತ್ತದೆ. ಬೆರಳಾಡಿಸಿ ಓದಿ ಗುಂಡಿ ಒತ್ತಿದರೆ ಅದು ಇಳಿದು ಮುಂದಿನ ಸಾಲು ಏಳುತ್ತದೆ. ಆದರೆ ಬಲು ಮಡಿವಂತ ಪೆಟ್ಟಿಗೆ. ಮೊದಲು ಕೇಬಲ್, ಆಮೇಲೆ ಪೆಟ್ಟಿಗೆಯ ಸ್ವಿಚ್ಚು, ಕೊನೆಗೆ ಕಂಪ್ಯೂಟರು. ಹಿಂದುಮುಂದಾದರೆ ಸುಮ್ಮನೆ ಕಲ್ಲು. ನಾನು ತಿಣುಕಿ ತಿಣುಕಿ ಕೈಬಿಟ್ಟೆ. ಗಂಗಾ ಕಂಪ್ಯೂಟರಿನ ಬೆನ್ನು ತಡವಿ ತಾನೇ ಸಿಕ್ಕಿಸಿಕೊಂಡಳು.

ಮದರಾಸಿನಿಂದ ಟ್ರಸ್ಟಿ ಗೋವಿಂದರಾಜ್ ವಿಜಯದಶಮಿಯ ದಿನ ನೋಡಲು ಬರುತ್ತಾರೆಂದಾಯಿತು. ಅವಳು ಸರಾಗವಾಗಿ ಓದಿದರೆ ಕೆಲಸ ಖಾಯಂ. ಇಲ್ಲವಾದರೆ ಪೆಟ್ಟಿಗೆ ಮದರಾಸಿಗೆ, ಅವಳು ಹಳ್ಳಿಗೆ.

ಹಿಂದಿನ ದಿನ ಆಯುಧಪೂಜೆ. ಅವಳ ತಾಯಿ ಸಿದ್ದಲಕ್ಷ್ಮಮ್ಮ ಓಮಲೂರಿನಲ್ಲಿ ಬಸ್ಸು ಬದಲಿಸಿ, ಪುರಿ ಕಡಲೆ ಗಂಟು ಹಿಡಿದು ಬಂದಿದ್ದರು. ಕಂಪ್ಯೂಟರು, ಪೆಟ್ಟಿಗೆ ಎಲ್ಲವನ್ನೂ ಪೂಜೆಗಿಟ್ಟೆವು. ಪೂಜೆಗಿಟ್ಟದ್ದನ್ನು ಮಾರನೇ ದಿನದವರೆಗೆ ಮುಟ್ಟುವಂತಿಲ್ಲ. ಮಂಗಳಾರತಿಯಾದ ಮೇಲೆ ಬೀಗ ಹಾಕಿ ಹೊರಟೆವು.

ಬೆಳಗ್ಗೆ ಗಂಗಾ ಎಲ್ಲ ಜೋಡಿಸಿ ಚುಕ್ಕಿಗಳ ಮೇಲೆ ಬೆರಳಿಟ್ಟಳು. ಅರ್ಧ ದಾರಿಯಲ್ಲಿ ಬೆರಳು ನಿಂತುಬಿಟ್ಟಿತು.

“ಅಕ್ಕಾ, ನಡುವೆ ಏನೋ ಐತೆ. ಚುಕ್ಕಿ ಏಳ್ತಿಲ್ಲ.”

ಬಗ್ಗಿ ನೋಡಿದೆ. ನಟ್ಟನಡುವೆ ಮೂರು ಬೆರಳಿನ ಗಂಧ, ಅದರ ಮೇಲೆ ಕಾಸಗಲ ಕುಂಕುಮ. ಒಣಗಿ, ಚುಕ್ಕಿ ಏಳುವ ತೂತುಗಳಿಗೆಲ್ಲ ಮೆತ್ತಿಕೊಂಡಿತ್ತು. ಹಿಂದಿನ ದಿನ ನಾವೆಲ್ಲ ಮೇಜಿನ ಅಂಚಿಗೆ ಮಾತ್ರ ಬೊಟ್ಟಿಟ್ಟಿದ್ದೆವು.

“ನಾನೇ ಮಡಗ್ದೆ ಕಣಮ್ಮ,” ಎಂದರು ಬಾಗಿಲಲ್ಲಿ ನಿಂತಿದ್ದ ಸಿದ್ದಲಕ್ಷ್ಮಮ್ಮ. “ನನ್ ಮಗ್ಳು ಕೈಯಿಡೋ ಜಾಗ. ಸಾಮಿ ಅಲ್ಲೇ ತಾನೇ ಇರೋದು.”

ನಾನು ಉಗುರಿನಿಂದ ಕೆರೆದು ನೋಡಿದೆ, ತೂತಿನೊಳಗಿನದು ಬರಲಿಲ್ಲ.

“ಅವ್ವಾ, ಚುಕ್ಕಿ ಸಿಕ್ಕಾಕ್ಕೊಂಡೈತೆ,” ಎಂದಳು ಗಂಗಾ. “ಓದಾಕಾಗಲ್ಲ.”

ಮುದುಕಿಯ ಮುಖ ಬಿಳಿಚಿಕೊಂಡಿತು. ಗೋಡೆ ಹಿಡಿದು ಹಾಗೇ ನೆಲಕ್ಕೆ ಕುಸಿದರು. “ಇನ್ನೊಂದ್ ಸಲ ನಿನ್ ಕಣ್ ಮುಚ್ಬುಟ್ನಾ ನಾನು?”

ಹೊರಗೆ ಕಾರು ನಿಂತ ಸದ್ದಾಯಿತು. ಗಂಗಾ ಸಾಲನ್ನು ಈ ತುದಿಯಿಂದ ಆ ತುದಿಗೆ ತಡವಿದಳು.

“ಎಡಗಡೆ ಚೆನ್ನಾಗೈತೆ ಅಕ್ಕಾ. ಸಾಲು ಚಿಕ್ಕ ಚಿಕ್ಕದಾಗಿ ಮುರುದು ಕೊಡು.”

ನಾನು ಕಂಪ್ಯೂಟರಿನಲ್ಲಿ ಎರಡೆರಡು ಪದಕ್ಕೆ ಸಾಲು ಮುರಿಯುತ್ತಾ ಹೋದೆ. ಗೋವಿಂದರಾಜ್ ಬಂದು ಬೆನ್ನ ಹಿಂದೆ ನಿಂತರು. ಅವಳು ಗುಂಡಿ ಒತ್ತುತ್ತಾ, ಎಡಗೈ ಬೆರಳನ್ನು ಅಷ್ಟು ಜಾಗದಲ್ಲೇ ಆಡಿಸುತ್ತಾ ಒಂದಿಡೀ ಪುಟ ಓದಿದಳು. ಅವರು ಒಮ್ಮೆ ಕುಂಕುಮವನ್ನು ನೋಡಿದರು, ಒಮ್ಮೆ ಆ ಬೆರಳನ್ನು.

“ಇದ್ರಲ್ಲಾ ಓದಿದ್ದು?” ಎಂದು ದಂಗಾಗಿ ನಿಂತರು. ಆಮೇಲೆ, “ಪೆಟ್ಟಿಗೆ ರಿಪೇರಿಗೆ ಹೋಗಿ ಬರಲಿ. ಇವರು ಇಲ್ಲೇ ಇರಲಿ,” ಎಂದರು.

ಸಿದ್ದಲಕ್ಷ್ಮಮ್ಮ ಮಾತ್ರ ನೆಲದಿಂದ ಏಳಲಿಲ್ಲ. ಕೆಲಸ ಉಳಿಯಿತು ಎಂದು ಎಷ್ಟು ಹೇಳಿದರೂ ತಮ್ಮ ಮೂರು ಬೆರಳನ್ನೇ ನೋಡುತ್ತಾ ಕೂತಿದ್ದರು.

ಮುಂದಿನ ವರ್ಷದ ಆಯುಧಪೂಜೆಗೂ ಬಂದರು. ರಿಪೇರಿಯಾಗಿ ಬಂದ ಪೆಟ್ಟಿಗೆಯ ಹತ್ತಿರ ಸುಳಿಯಲಿಲ್ಲ. ಮಗಳ ಎಡಗೈ ಹಿಡಿದು, ಓದುವ ಬೆರಳಿನ ಉಗುರಿನ ಮೇಲೆ ಕುಂಕುಮವಿಟ್ಟರು. ತುದಿಗೆ ಚೂರೂ ತಾಗದಂತೆ.