ಸೀಟಿನ ಕೆಳಗೆ ಬೆಚ್ಚಗಿದ್ದ ಡಬ್ಬಿ

೧೯೮೩ರಲ್ಲಿ ಗದಗಿನ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಆಟೋ ಎಲೆಕ್ಟ್ರಿಕ್ ಅಂಗಡಿ ಇತ್ತು. ಎಸ್ಸೆಸ್ಸೆಲ್ಸಿ ಮುಗಿಸಿ, ಹುಬ್ಬಳ್ಳಿಯಲ್ಲಿ ಆರು ವರ್ಷ ಕೆಲಸ ಕಲಿತು ಬಂದಿದ್ದೆ. ಡೈನಮೊ, ಸ್ಟಾರ್ಟರ್, ಕಾರಿನ ಟೇಪ್‌ರೆಕಾರ್ಡರ್ ಎಲ್ಲಕ್ಕೂ ಜನ ನನ್ನ ಹತ್ತಿರ ಬರುತ್ತಿದ್ದರು. ಬ್ಯಾಟರಿಗೆ ಮಾತ್ರ ಲಕ್ಷ್ಮೇಶ್ವರದ ಖಾದರಸಾಬರೇ ಬೇಕಾಗಿತ್ತು.

ಖಾದರಸಾಬರು ಸತ್ತ ಬ್ಯಾಟರಿಯನ್ನು ಬಿಚ್ಚಿ, ಒಳಗಿನ ಸೀಸದ ಪ್ಲೇಟುಗಳನ್ನು ಬದಲಿಸಿ, ಮೇಲೆ ಡಾಂಬರು ಕಾಸಿ ಹೊಯ್ದು, ಹೊಸದರಂತೆ ಮಾಡಿಕೊಡುತ್ತಿದ್ದರು. ನಾಲ್ಕನೇ ಇಯತ್ತೆ ದಾಟದ ಮನುಷ್ಯ. ಗದಗಿನವರೇ ನನ್ನ ಅಂಗಡಿಯ ಮುಂದೆ ಬಸ್ಸಿನ ಟಾಪಿಗೆ ಬ್ಯಾಟರಿ ಏರಿಸಿ ಲಕ್ಷ್ಮೇಶ್ವರಕ್ಕೆ ಹೋಗುತ್ತಿದ್ದರು. ಏರಿಸುವಾಗ ಕೈ ಹಚ್ಚಲು ನನ್ನನ್ನೇ ಕರೆಯುತ್ತಿದ್ದರು. ನಾನು ನಗುತ್ತ ಕೈ ಹಚ್ಚುತ್ತಿದ್ದೆ. ಬಸ್ಸು ಹೋದ ಮೇಲೆ ಅರ್ಧ ತಾಸು ಯಾವ ಕೆಲಸವೂ ಕೈಗೆ ಹತ್ತುತ್ತಿರಲಿಲ್ಲ.

ಆ ವರ್ಷ ದೀಪಾವಳಿಗೆ ಶಿರಹಟ್ಟಿಯ ಗುತ್ತಿಗೆದಾರ ಬಸನಗೌಡರು ತಮ್ಮ ಕಾರಿಗೆ ಖಾದರಸಾಬರಿಂದ ಬ್ಯಾಟರಿ ಕಟ್ಟಿಸಿದರು. ಅದೇ ವಾರ ನನ್ನಿಂದ ಟೇಪ್‌ರೆಕಾರ್ಡರ್ ಮತ್ತು ಬೂಸ್ಟರ್ ಹಾಕಿಸಿದರು. ಬೂಸ್ಟರ್ ಎಂದರೆ ಸದ್ದು ಹೆಚ್ಚಿಸುವ ಡಬ್ಬಿ, ಸೀಟಿನ ಕೆಳಗೆ ಕೂರುತ್ತದೆ. ಇಂಜಿನ್ ಚಾಲು ಆದ ಕೂಡಲೇ ಹಾಡಿನ ಜೊತೆ ಕುಂಯ್ ಎನ್ನುವ ಸದ್ದು ಬರತೊಡಗಿತು. ಅದನ್ನು ತಡೆಯಲು ಚೋಕ್ ಎಂಬ ತಂತಿಯ ಸುರುಳಿ ಹಾಕಬೇಕಿತ್ತು. ಅದು ನನ್ನಲ್ಲಿ ಇರಲಿಲ್ಲ. ಬೂಸ್ಟರಿನ ವೈರನ್ನು, ಕೀಲಿ ತಿರುಗಿಸಿದರಷ್ಟೇ ಕರೆಂಟ್ ಬರುವ ಕಡೆಯಿಂದ ತೆಗೆದು ನೇರವಾಗಿ ಬ್ಯಾಟರಿಗೆ ಕೊಟ್ಟೆ. ಸದ್ದು ನಿಂತಿತು. ಕೀಲಿ ತೆಗೆದರೂ ಆ ಡಬ್ಬಿ ಎಚ್ಚರವಾಗಿಯೇ ಇರುತ್ತದೆ ಎಂಬುದು ಆ ಕ್ಷಣ ತಲೆಗೆ ಬರಲಿಲ್ಲ. ಗೌಡರು ಖುಷಿಯಿಂದ ಹೋದರು.

ಹದಿನೈದು ದಿನದ ನಂತರ ಅವರು ಕಾರನ್ನು ಮನೆಯಲ್ಲೇ ನಿಲ್ಲಿಸಿ ಬೀಗರ ಊರಿಗೆ ಹೋಗಿ ನಾಲ್ಕು ದಿನ ಬಿಟ್ಟು ಬಂದು ನೋಡಿದರೆ ಕಾರು ಮಿಸುಕಲಿಲ್ಲ. ಬ್ಯಾಟರಿ ಕಳಚಿ ಲಕ್ಷ್ಮೇಶ್ವರಕ್ಕೆ ಕಳಿಸಿದರು. ಖಾದರಸಾಬರು ಚಾರ್ಜ್ ಮಾಡಿ, ನಾಲ್ಕು ದಿನ ಇಟ್ಟು ನೋಡಿ ಮರಳಿಸಿದರು. ಹಾಕಿದರು, ಕಾರು ಮೂರ್ನಾಲ್ಕು ದಿನ ನಿಂತಲ್ಲೇ ನಿಂತಾಗ ಬ್ಯಾಟರಿ ಮತ್ತೆ ಸತ್ತಿತು. ಗೌಡರು ಸಿಟ್ಟಿಗೆದ್ದು ನನ್ನನ್ನು ಶಿರಹಟ್ಟಿಗೆ ಕರೆಸಿದರು.

"ಆ ಸಾಬ ಏನ ಹೇಳ್ತಾನ ಗೊತ್ತೇನು? ನನ್ನ ಬ್ಯಾಟರಿ ಚಲೋ ಐತ್ರಿ, ನಿಮ್ಮ ಗಾಡ್ಯಾಗ ಏನೋ ಕರೆಂಟ್ ಕುಡ್ಯಾಕ ಹತ್ತೈತಿ ಅಂತಾನ. ಗಾಡಿಗೇನು ಬಾಯಿ ಐತೇನಪಾ?"

ನಾನು ಬ್ಯಾಟರಿ ಚಾರ್ಜ್ ಮಾಡಿಸಿ ಜೋಡಿಸಿದೆ. ಒಂದು ದಿನ ಬಿಟ್ಟು ಬೆಳಿಗ್ಗೆ ಹೋಗಿ, ಬ್ಯಾಟರಿಯ ಒಂದು ತುದಿಯ ವೈರು ಬಿಚ್ಚಿ ನಡುವೆ ಸಣ್ಣ ಬಲ್ಬ್ ಸೇರಿಸಿದೆ. ಕೀಲಿ ತೆಗೆದ ಕಾರಿನಲ್ಲಿ ಆ ಬಲ್ಬ್ ಹೊತ್ತಬಾರದು. ಮಂಕಾಗಿ ಹೊತ್ತಿತು. ಫ್ಯೂಸುಗಳನ್ನು ಒಂದೊಂದಾಗಿ ಕಿತ್ತೆ. ಎಲ್ಲ ಕಿತ್ತರೂ ಆರಲಿಲ್ಲ. ಹಾಗಾದರೆ ಫ್ಯೂಸ್ ದಾಟದೆ ಬಂದ ವೈರು ಯಾವುದೋ ಇರಬೇಕು. ಆಗ ನನಗೆ ನನ್ನ ವೈರು ನೆನಪಾಯಿತು. ಸೀಟಿನ ಕೆಳಗೆ ಕೈ ಇಟ್ಟೆ. ಕಾರ್ತಿಕದ ಚಳಿಯಲ್ಲಿ ಕಾರಿನ ತಗಡೆಲ್ಲ ತಣ್ಣಗಿತ್ತು. ಆ ಡಬ್ಬಿ ಮಾತ್ರ ಕರುವಿನ ಮೈಯಂತೆ ಬೆಚ್ಚಗಿತ್ತು. ಅರ್ಧ ಆಂಪಿಯರ್ ಕರೆಂಟ್ ಎಳೆದರೂ ನಾಲ್ಕು ದಿನಕ್ಕೆ ಬ್ಯಾಟರಿಯ ಬಹುಪಾಲು ಖಾಲಿ.

"ಸಿಕ್ಕತೇನು?" ಎಂದರು ಗೌಡರು.

ಹೇಳಬಹುದಿತ್ತು. ಗೌಡರು ಎರಡು ಬೈಗುಳ ಬೈದು ಚಹಾ ಕುಡಿಸುತ್ತಿದ್ದರು. ಆದರೆ ಬಸ್ಸಿನ ಟಾಪಿಗೆ ಏರುತ್ತಿದ್ದ ಬ್ಯಾಟರಿಗಳು ಕಣ್ಣಿಗೆ ಬಂದವು.

"ಸಿಕ್ಕತ್ರಿ. ಪ್ಲೇಟ್ ಒಳಗ ಸೋರಾಕ ಹತ್ಯಾವು. ಬ್ಯಾಟರಿದ ದೋಷ" ಎಂದೆ.

ಅವರು ಒಳಗೆ ಹೋದಾಗ ಬೂಸ್ಟರಿನ ವೈರನ್ನು ಕೀಲಿಯ ಕಡೆಗೆ ತಿರುಗಿಸಿ, ಈಗ ನನ್ನ ಪೆಟ್ಟಿಗೆಯಲ್ಲಿದ್ದ, ಮೊದಲೇ ಹಾಕಬೇಕಿದ್ದ ಚೋಕ್ ಹಾಕಿದೆ. ಹೊಸ ಬ್ಯಾಟರಿ ತರಿಸಿಕೊಟ್ಟೆ. ಹಳೆಯದನ್ನು ಗೌಡರು ಲಕ್ಷ್ಮೇಶ್ವರಕ್ಕೆ ವಾಪಸು ಕಳಿಸಿದರು. ಕಾರು ಆಮೇಲೆ ಒಮ್ಮೆಯೂ ನಿಲ್ಲಲಿಲ್ಲ. ಶಿರಹಟ್ಟಿ, ಮುಂಡರಗಿ ಕಡೆಯ ಗಾಡಿಯವರಿಗೆಲ್ಲ ಖಾದರಸಾಬರ ಬ್ಯಾಟರಿ ಸೋರುತ್ತದೆ ಎಂಬ ಸುದ್ದಿಯನ್ನು ಗೌಡರೇ ಮುಟ್ಟಿಸಿದರು.

ತಿಂಗಳೊಳಗೆ ಖಾದರಸಾಬರು ನನ್ನ ಅಂಗಡಿಗೆ ಬಂದರು. ಕೈಚೀಲದಿಂದ ಆ ಬ್ಯಾಟರಿಯ ಪ್ಲೇಟುಗಳನ್ನೆಲ್ಲ, ಅವುಗಳ ನಡುವೆ ಇಡುವ ತೆಳು ಹಲಗೆಗಳನ್ನೂ ತೆಗೆದು ಬೆಂಚಿನ ಮೇಲೆ ಸಾಲಾಗಿ ಇಟ್ಟರು. ತೊಳೆದು ಒರೆಸಿ ತಂದಿದ್ದರು.

"ಜಗಳಕ್ಕ ಬಂದಿಲ್ರಿ. ಕಲಿಯಾಕ ಬಂದೀನಿ. ಎಲ್ಲಿ ಸೋರ್ತಿತ್ತು, ತೋರಸ್ರಿ."

ನಾನು ಒಂದು ಹಲಗೆಯ ಮೇಲೆ ಬೆರಳಿಟ್ಟೆ. "ಇಲ್ಲಿ."

ಅವರು ಅದನ್ನು ಬಿಸಿಲಿಗೆ ಹಿಡಿದು ತುಂಬ ಹೊತ್ತು ನೋಡಿದರು. "ನನ್ನ ಕಣ್ಣಿಗೆ ಕಾಣವಲ್ದು."

"ಕಾಣೂದಿಲ್ರಿ. ರೂಢಿ ಬೇಕು."

ಇಪ್ಪತ್ತು ವರ್ಷ ಅದನ್ನೇ ಮಾಡಿದವರಿಗೆ ನಾನು ಹಾಗೆಂದೆ. ಅವರು ತಲೆ ಆಡಿಸಿದರು. "ಕಾಣದ ದೋಷ ಮಾಡೋ ಕೈ ನಂದು ಅಂದಮ್ಯಾಲ ಮಂದಿ ಗಾಡಿಗೆ ಹೆಂಗ ಕೊಡ್ಲಿ?" ಎಂದು ಪ್ಲೇಟು ಎತ್ತಿಕೊಂಡು ಹೋದರು. ಯುಗಾದಿಯ ಹೊತ್ತಿಗೆ ಅಂಗಡಿ ಮುಚ್ಚಿ ತಮ್ಮೂರು ಅಡರಕಟ್ಟಿಗೆ ಹೊಲ ಮಾಡಲು ಹೋದರು.

ನನ್ನ ಹೊಟ್ಟೆಕಿಚ್ಚು ಅಷ್ಟಕ್ಕೂ ಆರಲಿಲ್ಲ. "ಒಂದು ಬ್ಯಾಟರಿ ಕೆಟ್ಟದ್ದಕ್ಕ ಅಂಗಡೀನ ಮುಚ್ಚಿದ ನೋಡ್ರಿ, ಅಂಥಾ ಮನಷ್ಯಾ" ಎಂದು ಜನ ಚಹಾದಂಗಡಿಯಲ್ಲಿ ಹೇಳುತ್ತಿದ್ದರು. ನಾನು ಮುಚ್ಚಿದರೆ ಹಾಗೆ ಯಾರೂ ಹೇಳಲಾರರು ಎಂದು ಅದಕ್ಕೂ ಉರಿದುಕೊಂಡೆ.

ಐದು ವರ್ಷ ತಡೆದು, ೧೯೮೮ರ ಶೇಂಗಾ ಸುಗ್ಗಿಯಲ್ಲಿ ಅಡರಕಟ್ಟಿಗೆ ಹೋದೆ. ಖಾದರಸಾಬರು ಬಳ್ಳಿ ಕೊಡವುತ್ತಿದ್ದರು. ನಿಂತುಕೊಂಡೇ ಎಲ್ಲ ಹೇಳಿದೆ. ಅವರು ಕೈ ನಿಲ್ಲಿಸಲಿಲ್ಲ. ನಾನು ಮುಗಿಸಿದ ಮೇಲೆ ಒಂದೇ ಪ್ರಶ್ನೆ ಕೇಳಿದರು.

"ಡಬ್ಬಿ ಬೆಚ್ಚಗಿತ್ತೇನು?"

"ಹೂಂ."

"ಹಂಗಾರ ನನ್ನ ಪ್ಲೇಟ್ ಸರಿ ಇದ್ದವು."

ಬಳ್ಳಿ ಕೆಳಗಿಟ್ಟು ಮಣ್ಣು ಕೊಡವಿಕೊಂಡು ಎದ್ದರು. ಮಾಫಿ ಕೇಳಲು ನಾನು ಬಾಯಿ ತೆರೆದೆ. "ಅದು ಆಮ್ಯಾಲ. ಗೌಡ್ರಿಗೆ ಹೇಳೀರೇನು? ಇಲ್ಲ? ನಡೀರಿ, ಶಿರಹಟ್ಟಿ ಬಸ್ ಬರೂ ಹೊತ್ತಾತು."

ಗೌಡರ ಕಟ್ಟೆಯ ಮೇಲೆ, ಹತ್ತು ಜನರ ಎದುರು ಹೇಳಿದೆ. ಗೌಡರು ನನ್ನ ಮುಖ ನೋಡಲಿಲ್ಲ. "ಖಾದರಸಾಬ, ತಿರಗಿ ಅಂಗಡಿ ತಗೀತಿಯೇನೋ?" ಎಂದರು.

"ಇಲ್ರಿ. ಕೈ ಮರತಾವು. ಇನ್ನ ಹೊಲಾನ ಸಾಕು."

ಆ ಮಾತು ಕೇಳಿ, ಇವರು ತಿರುಗಿ ಬರುವುದಿಲ್ಲವಲ್ಲ ಎಂದು ನನಗೆ ಒಂದು ಕ್ಷಣ ಸಮಾಧಾನವಾಯಿತು. ಒಪ್ಪಿಕೊಳ್ಳಲು ಹೋದ ಜಾಗದಲ್ಲೇ ಸಮಾಧಾನವಾಯಿತು. ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

ಅಂಗಡಿ ನಡೆಸಿದ ಕೊನೆಯ ದಿನದವರೆಗೂ, ನಿಂತ ಗಾಡಿಯ ಬ್ಯಾಟರಿ ಇಳಿದಿದೆ ಎಂದು ಯಾರು ಬಂದರೂ, ನಾನು ಮೊದಲು ಕೈ ಇಡುತ್ತಿದ್ದದ್ದು ನಾನೇ ಹಾಕಿದ ವೈರಿನ ಮೇಲೆ.