ಅತ್ತೆಯ ಷೇರು, ಅಳಿಯನ ಹೊಟ್ಟೆಕಿಚ್ಚು

ನಾನು ಬಿ.ಕಾಂ. ಪಾಸಾಗುವುದು ಸಾಧ್ಯವೇ ಇಲ್ಲ ಎಂದವರು ಕುಂಸಿಯ ಅಕ್ಕಿ ಗಿರಣಿಯ ರೈಟರ್ ಪರಮೇಶಪ್ಪ. ನಮ್ಮ ಅತ್ತೆಯ ಹೆಸರಿಗೆ ಟೀವಿ ಕಂಪನಿಯ ಷೇರು ಬರುವುದು ಸಾಧ್ಯವೇ ಇಲ್ಲ ಎಂದವನು ನಾನು. ಇಬ್ಬರ ಮಾತೂ ಸುಳ್ಳಾಯಿತು. ಮೊದಲನೆಯದಕ್ಕೆ ನಾನು ಪೇಡ ಹಂಚಿದೆ. ಎರಡನೆಯದಕ್ಕೆ ನನ್ನ ಷಡ್ಡಕ ಹಂಚಿದ. ಅವನು ಹಂಚಿದ ಪೇಡ ನನ್ನದಕ್ಕಿಂತ ದೊಡ್ಡದಿತ್ತು. ಅದನ್ನು ನಾನು ಗಮನಿಸಿದೆ ಎಂದ ಮೇಲೆ, ಮುಂದೆ ನಾನು ಯಾವುದರ ಬಗ್ಗೆ ಬರೆಯಲಿದ್ದೇನೆಂದು ನಿಮಗೆ ಅಂದಾಜಾಗಿರಬೇಕು.

ಮೊದಲು ನನ್ನ ಪೇಡದ ವಿಷಯ ಹೇಳಿಬಿಡುತ್ತೇನೆ, ಏಕೆಂದರೆ ಅದನ್ನು ಹೇಳದೆ ನನಗೆ ಯಾವ ಮಾತನ್ನೂ ಶುರು ಮಾಡಿ ಅಭ್ಯಾಸವಿಲ್ಲ. ನಮ್ಮಪ್ಪ ಅದೇ ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುತ್ತಿದ್ದರು. ನಾನು ಹಗಲು ಶಿವಮೊಗ್ಗದ ಒಂದು ಸೈಕಲ್ ಶಾಪಿನಲ್ಲಿ ಪಂಕ್ಚರ್ ಹಾಕಿ, ಸಂಜೆ ಕಾಲೇಜಿಗೆ ಹೋಗಿ ಓದಿದವನು. ಬೆರಳ ಸಂದಿಯ ಗ್ರೀಸು ಉತ್ತರಪತ್ರಿಕೆಗೂ ಅಂಟಿರುತ್ತಿತ್ತು. ಕಾಸ್ಟ್ ಅಕೌಂಟೆನ್ಸಿ ನನ್ನನ್ನು ಎರಡು ಸಲ ಹೊರಗೆ ದಬ್ಬಿತು. ಮೂರನೆಯ ಸಲ ಅದಕ್ಕೇ ಬೇಸರ ಬಂದು ಒಳಗೆ ಬಿಟ್ಟುಕೊಂಡಿತು. ನಮ್ಮ ವಂಶದಲ್ಲಿ ಮೊದಲ ಡಿಗ್ರಿ ನನ್ನದು. ಒಂದು ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವ ಕೆಲಸ ಸಿಕ್ಕಿ, ನವುಲೆಯಲ್ಲಿ ಬಾಡಿಗೆ ಮನೆ ಹಿಡಿದಾಗ ಮಾಡಿದ ಮೊದಲ ಕೆಲಸವೆಂದರೆ ಡಿಗ್ರಿ ಸರ್ಟಿಫಿಕೇಟಿಗೆ ಗಾಜಿನ ಫ್ರೇಮು ಹಾಕಿಸಿ ಬಾಗಿಲಿನ ಎದುರು ಗೋಡೆಗೆ ನೇತುಹಾಕಿದ್ದು. ಹಾಲಿನವನು ಕೂಡ ಅದನ್ನು ನೋಡದೆ ಪಾತ್ರೆಗೆ ಹಾಲು ಹಾಕುವಂತಿರಲಿಲ್ಲ.

ಷಡ್ಡಕ ನಾಗರಾಜ, ಅಂದರೆ ನನ್ನ ಹೆಂಡತಿ ಸರೋಜಳ ತಂಗಿಯ ಗಂಡ, ಭದ್ರಾವತಿಯ ಕಾಗದದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಎಸ್ಸೆಸ್ಸೆಲ್ಸಿಯ ಗಣಿತವನ್ನು ಪರೀಕ್ಷೆಯ ಕೋಣೆಯಲ್ಲೇ ಬಿಟ್ಟು ಬಂದವನು. ಕಾಗದನಗರದ ಕ್ವಾರ್ಟರ್ಸಿನಲ್ಲಿ ಮನೆ. ಮಾವ ತೀರಿಕೊಂಡ ಮೇಲೆ ಅತ್ತೆ ರುದ್ರಮ್ಮನವರೂ ಅಲ್ಲೇ ಇದ್ದರು. ಅತ್ತೆ ನನ್ನನ್ನು "ಅಳಿಯಂದ್ರೇ" ಎಂದೂ ಅವನನ್ನು "ನಾಗರಾಜಪ್ಪ" ಎಂದೂ ಕರೆಯುತ್ತಿದ್ದರು. ಅದು ನನಗೆ ಕೊಟ್ಟ ಮರ್ಯಾದೆ ಎಂದು ಬಹಳ ವರ್ಷ ಹಿಗ್ಗಿದ್ದೆ. ಷೇರು ಬಂದ ಮೇಲೆ ಅದು ಅವನಿಗೆ ಕೊಟ್ಟ ಪ್ರೀತಿ ಎಂದು ತೋರತೊಡಗಿತು.

ಷೇರು ಬಂದದ್ದು ಹೀಗೆ. ತೊಂಬತ್ತರ ದಶಕದ ಆ ವರ್ಷಗಳಲ್ಲಿ ಶಿವಮೊಗ್ಗದ ಗುಮಾಸ್ತರಿಗೆಲ್ಲ ಷೇರಿನ ಜ್ವರ ಹತ್ತಿತ್ತು. ಟೀವಿ, ಟೇಪ್‌ರೆಕಾರ್ಡರ್, ಬಟ್ಟೆ ಒಗೆಯುವ ಮೆಷಿನ್ನು ಎಲ್ಲವನ್ನೂ ಮಾಡುವ ಒಂದು ಭಾರಿ ಕಂಪನಿ ಜನರಿಗೆ ಷೇರು ಕೊಡುತ್ತೇವೆಂದು ಸಾರಿತು. ನಾಗರಾಜ ಮೂರು ಅರ್ಜಿ ತಂದ: ನನಗೊಂದು, ಅವನಿಗೊಂದು, ಅತ್ತೆಗೊಂದು. ಮಾವನ ಗ್ರಾಚ್ಯುಟಿಯಲ್ಲಿ ಉಳಿದ ಹಣವನ್ನು ಅತ್ತೆ ಇಬ್ಬರು ಮೊಮ್ಮಕ್ಕಳ ಕಾಲೇಜಿಗೆಂದು ತೆಗೆದಿಟ್ಟಿದ್ದರು. ಒಬ್ಬಳು ನನ್ನ ಮಗಳು, ಇನ್ನೊಬ್ಬಳು ಅವನ ಮಗಳು. ಆ ಹಣವನ್ನೇ ಹಾಕಿಸೋಣ ಎಂದ.

"ಹುಚ್ಚಾ ನಿನಗೆ? ದೇಶದ ಜನ ಎಲ್ಲಾ ಅರ್ಜಿ ಹಾಕ್ತಾರೆ, ಚೀಟಿ ಎತ್ತಿ ಹಂಚ್ತಾರೆ. ಕಾಗದನಗರದ ರುದ್ರಮ್ಮನ ಹೆಸರು ಬರೋದುಂಟಾ ಮಾರಾಯ!" ಎಂದೆ. ಎಂದರೂ ಮೂರು ಅರ್ಜಿಯನ್ನೂ ತುಂಬಿದವನು ನಾನೇ. ಮನೆಯಲ್ಲಿ ಬಿ.ಕಾಂ. ಒಬ್ಬನಿರುವಾಗ ಬೇರೆಯವರು ತುಂಬುವುದೇ? ನನ್ನ ಅರ್ಜಿಗೆ ಹೆಚ್ಚು ಹೊತ್ತು ತೆಗೆದುಕೊಂಡೆ. ಒಂದೊಂದು ಅಕ್ಷರವೂ ಚೌಕದೊಳಗೆ ಪದ್ಮಾಸನ ಹಾಕಿ ಕೂತಿತ್ತು. ಅತ್ತೆಯ ಅರ್ಜಿಯನ್ನು ಕೊನೆಗೆ, ಬಸ್ಸಿಗೆ ಹೊತ್ತಾಯಿತೆಂದು ಗೀಚಿದೆ. ನಾಗರಾಜ ಅದರ ಮೂಲೆಗೆ ಅರಿಶಿನ ಕುಂಕುಮ ಹಚ್ಚಿದ.

ನನ್ನ ಹಣ ಲಕ್ಷಣವಾಗಿ ವಾಪಸು ಬಂತು. ಅವನದೂ ಬಂತು. ಅತ್ತೆಗೆ ಷೇರು ಬಂತು. ವರ್ಷ ತುಂಬುವುದರೊಳಗೆ ಅದರ ಬೆಲೆ ಎರಡರಷ್ಟಾಯಿತು. "ಎಲ್ಲಾ ನನ್ನ ಕೈಗುಣ ಅಣ್ಣ" ಎಂದ ನಾಗರಾಜ. ಕೈ ನನ್ನದು, ಗುಣ ಅವನದು! ಅಷ್ಟಕ್ಕೆ ನಿಲ್ಲಲಿಲ್ಲ. ಆ ಷೇರು ಸರ್ಟಿಫಿಕೇಟಿಗೆ ಗಾಜಿನ ಫ್ರೇಮು ಹಾಕಿಸಿ, ನಡುಮನೆಯಲ್ಲಿ ದೇವರ ಪಟಗಳ ಸಾಲಿಗೇ ಮೊಳೆ ಹೊಡೆದು ನೇತುಹಾಕಿಬಿಟ್ಟ. ಅಲ್ಲಿಯವರೆಗೆ ದೇವರನ್ನು ಬಿಟ್ಟರೆ ಎರಡೂ ಮನೆ ಸೇರಿ ಗಾಜಿನ ಹಿಂದೆ ಕೂತಿದ್ದ ಕಾಗದವೆಂದರೆ ನನ್ನ ಡಿಗ್ರಿ ಒಂದೇ. ಆ ವರ್ಷದ ದೀಪಾವಳಿಗೆ ಹೋದಾಗ, ನನ್ನ ಕಣ್ಣೆದುರಿಗೇ, ಹೋಳಿಗೆಗೆ ಮೊದಲ ತುಪ್ಪ ಬಿದ್ದದ್ದು ನಾಗರಾಜನ ಎಲೆಗೆ. ನಾನು ಹಿರಿಯ ಅಳಿಯ. ಅತ್ತೆ ಆ ಕಡೆಯಿಂದ ಬಡಿಸುತ್ತ ಬಂದರು, ಅಷ್ಟೇ ಎಂದು ಸರೋಜ ಇವತ್ತಿಗೂ ವಾದಿಸುತ್ತಾಳೆ. ಆ ಕಡೆಯಿಂದಲೇ ಏಕೆ ಬಂದರು ಎಂದು ನಾನೂ ಇವತ್ತಿಗೂ ಕೇಳುತ್ತೇನೆ.

ಹೊಟ್ಟೆಕಿಚ್ಚಿನ ಬಗ್ಗೆ ನಾನು ಸಾಕಷ್ಟು ಯೋಚನೆ ಮಾಡಿದ್ದೇನೆ. ಅದೊಂದು ಲೋಕಲ್ ಬಸ್ಸು. ಮುಂಬಯಿಯಲ್ಲಿ ಯಾವನೋ ಷೇರಿನಲ್ಲಿ ದುಡಿದು ಬಂಗಲೆ ಕಟ್ಟಿಸಿದನೆಂದು ಪೇಪರಿನಲ್ಲಿ ಓದಿದರೆ ನಮಗೇನೂ ಆಗುವುದಿಲ್ಲ. ಪುಟ ತಿರುಗಿಸಿ ಕಾಫಿ ಕುಡಿಯುತ್ತೇವೆ. ಈ ಬಸ್ಸಿಗೆ ಅಷ್ಟು ದೂರದ ಪರ್ಮಿಟ್ಟಿಲ್ಲ. ಶಿವಮೊಗ್ಗದಿಂದ ಹೊರಟರೆ ಭದ್ರಾವತಿಯವರೆಗೆ ಸರಿಯಾಗಿ ಹೋಗುತ್ತದೆ, ನೆಂಟರಿರುವ ಕಡೆಯಲ್ಲೆಲ್ಲ ತಪ್ಪದೆ ನಿಲ್ಲುತ್ತದೆ.

ಮರುವರ್ಷದ ಗೌರಿಹಬ್ಬಕ್ಕೆ ಅತ್ತೆ ನನ್ನ ಮನೆಗೆ ಬಂದವರು, ಎಲೆಯಡಿಕೆ ಹಾಕಿಕೊಳ್ಳುತ್ತ ಕೇಳಿದರು: "ಅಳಿಯಂದ್ರೇ, ನಾಗರಾಜಪ್ಪ ಆ ಷೇರು ಮಾರೋದೇ ಬೇಡ ಅಂತಾನೆ. ಅವನ ಸ್ನೇಹಿತ್ರು ಈಗ್ಲೇ ಕೊಟ್ಬಿಡಿ ಅಂತಾರೆ. ನನಗೆ ಇರೋದು ಅದೊಂದೇ ಗಂಟು. ಓದಿರೋರು ನೀವು. ದೀಪಾವಳಿಗೆ ಬಂದಾಗ ಹೇಳಿ, ಇಟ್ಕೊಳ್ಳೋದಾ, ಕೊಡೋದಾ. ನೀವು ಹೇಳ್ದಂಗೆ ಮಾಡ್ತೀನಿ."

ನನ್ನ ಡಿಗ್ರಿಗೆ ಅಂಥ ಗೌರವ ಅದುವರೆಗೆ ಯಾರೂ ಕೊಟ್ಟಿರಲಿಲ್ಲ. ಅಂಥ ಸಂಕಟವನ್ನೂ ಕೊಟ್ಟಿರಲಿಲ್ಲ. ಇಟ್ಟುಕೊಳ್ಳಿ ಎಂದು ಹೇಳಿ ಅದು ಇನ್ನೂ ಏರಿದರೆ ನಾಗರಾಜನ ಕೈಗುಣಕ್ಕೆ ನಾನೇ ಮುದ್ರೆ ಒತ್ತಿದಂತೆ. ಕೊಟ್ಟುಬಿಡಿ ಎಂದು ಹೇಳಿ ಆಮೇಲೆ ಏರಿದರೆ ಪರಮೇಶಪ್ಪನ ಮಾತು ಇಷ್ಟು ವರ್ಷದ ಮೇಲೆ ನಿಜವಾದಂತೆ. ಮಧ್ಯೆ ಇಬ್ಬರು ಹುಡುಗಿಯರ ಕಾಲೇಜು ಬೇರೆ.

ಬಿ.ಕಾಂ.ನ ಹಳೆಯ ಪುಸ್ತಕ ತೆಗೆದೆ. ಷೇರಿನ ಬೆಲೆಯನ್ನು ಆ ಷೇರಿನ ಒಂದು ವರ್ಷದ ಗಳಿಕೆಯಿಂದ ಭಾಗಿಸಿ ನೋಡಬೇಕೆಂದು ಅದು ಹೇಳುತ್ತದೆ. ಕುಂಸಿಯ ಭಾಷೆಯಲ್ಲಿ ಹೇಳುವುದಾದರೆ, ಈ ಎಮ್ಮೆಗೆ ಕೊಟ್ಟ ದುಡ್ಡು ಎಷ್ಟು ವರ್ಷದ ಹಾಲಿನಲ್ಲಿ ಹುಟ್ಟುತ್ತದೆ ಎಂಬ ಲೆಕ್ಕ. ಎಮ್ಮೆಯ ವಯಸ್ಸೆಷ್ಟು, ಮೇವಿಗೆ ಸಾಲ ಮಾಡಿದ್ದಾರೆಯೇ ಎಂಬುದಕ್ಕೂ ಒಂದೊಂದು ಅಧ್ಯಾಯವಿದೆ. ಆದರೆ ಎಮ್ಮೆ ಷಡ್ಡಕನ ಕೊಟ್ಟಿಗೆಯಲ್ಲಿದ್ದರೆ ಅದರ ಹಾಲು ಏಕೆ ತೆಳ್ಳಗೆ ಕಾಣುತ್ತದೆ ಎಂಬುದು ಯಾವ ಸಿಲಬಸ್ಸಿನಲ್ಲೂ ಇಲ್ಲ. ಕಂಪನಿಯ ವಾರ್ಷಿಕ ವರದಿ ತರಿಸಿ ನೋಡಿದರೆ ಲಾಭ ಚೆನ್ನಾಗಿತ್ತು, ಸಾಲ ಕಡಿಮೆಯಿತ್ತು. ಒಂದೇ ಒಂದು ಹುಳುಕು ಸಿಗಲಿ ಎಂದು ಸಣ್ಣ ಅಕ್ಷರದ ಟಿಪ್ಪಣಿಗಳನ್ನೆಲ್ಲ ಓದಿದೆ. ಪರೀಕ್ಷೆಗೆ ಅಷ್ಟು ಓದಿದ್ದರೆ ರ್‍ಯಾಂಕ್ ಬರುತ್ತಿತ್ತು.

ಅದೇ ವರದಿಯನ್ನು ನಾಗರಾಜ ಓದಿದ ರೀತಿಯೇ ಬೇರೆ. ಒಂದು ಹಾಳೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿದ, ಬೆಳಕಿಗೆ ಹಿಡಿದ, ಕಿವಿಯ ಹತ್ತಿರ ಪಟಪಟ ಅನ್ನಿಸಿದ. "ನಮ್ಮ ಮಿಲ್ಲಿಂದಲ್ಲ. ಆದ್ರೆ ಏನ್ ಕಾಗದ ಅಣ್ಣ! ಇಂಥ ಕಾಗದದಲ್ಲಿ ಲೆಕ್ಕ ಅಚ್ಚಾಕ್ಸೋ ಕಂಪನಿ ಮುಳುಗುತ್ತಾ?" ಎಂದ. ಇಂಥ ವಿಶ್ಲೇಷಣೆಗೆ ತುಪ್ಪ ಮೊದಲು!

ಲೆಕ್ಕದಲ್ಲಿ ಸಿಗದ ಹುಳುಕು ಸಾಮಾನಿನಲ್ಲಿ ಸಿಕ್ಕೀತೆಂದು ದುರ್ಗಿಗುಡಿಯಲ್ಲಿ ಟೀವಿ ರಿಪೇರಿ ಮಾಡುವ ಬಾಷಾ ಭಾಯ್ ಹತ್ತಿರ ಹೋದೆ. "ಆ ಕಂಪನಿ ಟೀವಿ ಬಹಳ ಕೆಡುತ್ತಂತಲ್ಲ?" ಎಂದು ಆಸೆಯಿಂದ ಕೇಳಿದೆ. ಅವನು ಸೋಲ್ಡರಿಂಗ್ ಕಡ್ಡಿ ಕೆಳಗಿಟ್ಟು ನಿಟ್ಟುಸಿರು ಬಿಟ್ಟ: "ಎಲ್ಲಿ ಸಾರ್! ಕೆಟ್ರೆ ನನ್ನ ನಸೀಬು ಖುಲಾಯಿಸ್ತಿತ್ತು. ಆ ಟೀವಿ ನಂಬ್ಕೊಂಡ್ರೆ ನನ್ ಧಂದಾ ಬರ್ಬಾದ್. ಯಾವಾಗೋ ಒಂದ್ಸಲ ಬರುತ್ತೆ, ಅದೂ ಒಳಗೆ ಹಲ್ಲಿ ಸತ್ತಿದ್ರೆ." ಇಬ್ಬರೂ ಒಂದೊಂದು ಟೀ ತರಿಸಿಕೊಂಡು ದುಃಖ ಹಂಚಿಕೊಂಡೆವು. ನಮ್ಮ ಮನೆಯಲ್ಲಿದ್ದದ್ದೂ ಅದೇ ಕಂಪನಿಯ ಟೀವಿ. ಸಂಜೆ ಬಂದು ಹಾಕಿದರೆ ಚಿತ್ರ ಕನ್ನಡಿಯಂತೆ ಬಂತು. ಸ್ವಂತ ಟೀವಿ ಕೆಡಲಿ ಎಂದು ಹಾರೈಸಿದ ಮನುಷ್ಯ ಶಿವಮೊಗ್ಗದಲ್ಲಿ ಇನ್ನೊಬ್ಬ ಇರಲಾರ.

ದಿನಾ ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಗುಲಾಬಿ ಬಣ್ಣದ ಇಂಗ್ಲಿಷ್ ಪೇಪರು ತಿರುವಿ ಬೆಲೆ ನೋಡುವ ಚಟ ಹಿಡಿಯಿತು. ಏರಿದ ದಿನ ಊಟ ಸೇರುತ್ತಿರಲಿಲ್ಲ. ಒಂದು ಸಂಜೆ ಮೈಸೂರುಪಾಕಿನ ಪೊಟ್ಟಣ ಹಿಡಿದು ಮನೆಗೆ ಬಂದೆ. ಸರೋಜ ಪೊಟ್ಟಣವನ್ನೂ ನನ್ನನ್ನೂ ನೋಡಿದಳು.

"ಏನು, ಷೇರು ಇಳೀತಾ?"

"ಛೆ, ಸುಮ್ನೆ ತಂದೆ ಮಾರಾಯ್ತಿ."

"ಅದು ನಮ್ಮಮ್ಮನ ದುಡ್ಡು ಕಣ್ರೀ. ನಿಮ್ಮ ಮಗಳ ಕಾಲೇಜಿಂದು. ನಾಗರಾಜಂದಲ್ಲ."

ಪೊಟ್ಟಣವನ್ನು ಬಿಚ್ಚದೆ ಅಡುಗೆಮನೆಯ ಕಪಾಟಿಗೆ ಸೇರಿಸಿದೆ. ಷೇರು ಇಳಿದರೆ ನನ್ನ ಮಗಳ ಓದೂ ಇಳಿಯುತ್ತದೆಂಬ ಸರಳ ಲೆಕ್ಕ ನನಗೆ ಗೊತ್ತಿರಲಿಲ್ಲವೆಂದಲ್ಲ. ಹೊಟ್ಟೆಕಿಚ್ಚಿಗೆ ಕೂಡುವುದು ಬರುವುದಿಲ್ಲ, ಹೋಲಿಸುವುದು ಮಾತ್ರ ಬರುತ್ತದೆ.

ದೀಪಾವಳಿಗೆ ಸ್ವಲ್ಪ ಮುಂಚೆ ಕೊನೆಯ ಪ್ರಯತ್ನವೆಂದು ಗಾಂಧಿ ಬಜಾರಿನ ಒಂದು ಟೀವಿ ಅಂಗಡಿಗೆ ಗಿರಾಕಿಯಂತೆ ಹೋದೆ. ಮುಂದಿನ ಸಾಲಿನಲ್ಲಿ ಎರಡೂ ಪಕ್ಕ ಸ್ಪೀಕರು ಹೊತ್ತ, ಹೊರದೇಶದ ಹೆಸರಿನ ಹೊಸ ಟೀವಿಗಳು ಮಿಂಚುತ್ತಿದ್ದವು. ನಮ್ಮ ಕಂಪನಿಯದು (ನೋಡಿ, ಆಗಲೇ "ನಮ್ಮ" ಎನ್ನತೊಡಗಿದ್ದೇನೆ) ಎಲ್ಲಿ ಎಂದು ಕೇಳಿದೆ. "ಹಿಂದ್ಗಡೆ ಇದೆ ಸಾರ್, ಮಿಕ್ಸಿ ಪಕ್ಕ. ಅದನ್ನ ಕೇಳ್ದೋರಿಗೆ ಕೊಡ್ತೀವಿ. ಕೇಳ್ದೇ ಇರೋರಿಗೆ ಇದನ್ನ ತೋರಿಸ್ತೀವಿ" ಎಂದ ಸೇಲ್ಸ್‌ಮನ್. ಹಿಂದೆ ಹೋಗಿ ನೋಡಿದೆ. ಟೀವಿಯ ನೆತ್ತಿಯ ಮೇಲೆ ಧೂಳಿತ್ತು.

ಎಷ್ಟೋ ದಿನದಿಂದ ಹುಡುಕುತ್ತಿದ್ದ ಹುಳುಕು ಕೊನೆಗೂ ಸಿಕ್ಕಿತ್ತು. ಕುಣಿಯಬೇಕಾಗಿತ್ತು. ಆದರೆ ಆ ಧೂಳಿನ ಮೇಲೆ ಬೆರಳಾಡಿಸುವಾಗ ನನಗೆ ಕಂಡದ್ದು ನಾಗರಾಜನ ಮುಖವಲ್ಲ, ಎರಡು ಜಡೆಯ ಇಬ್ಬರು ಹುಡುಗಿಯರ ಮುಖ. ಅದಕ್ಕಿಂತ ದೊಡ್ಡ ತೊಂದರೆಯೆಂದರೆ, "ಮಾರಿಬಿಡಿ" ಎಂದು ಒಳಗಿಂದ ಕೂಗುತ್ತಿರುವುದು ಬಿ.ಕಾಂ.ಓ ಹೊಟ್ಟೆಯೋ ಎಂದು ನನಗೇ ಗೊತ್ತಾಗಲಿಲ್ಲ. ಎರಡರ ದನಿಯೂ ಒಂದೇ ಥರ ಇತ್ತು.

ಹಬ್ಬದ ದಿನ ಕಾಗದನಗರದಲ್ಲಿ ಎಣ್ಣೆಸ್ನಾನ ಮುಗಿಸಿ, ಹೊಸ ಪಂಚೆ ಉಟ್ಟು, ಅಳಿಯಂದಿರಿಬ್ಬರೂ ಆ ಷೇರಿನ ಫ್ರೇಮಿನ ಕೆಳಗೆ ಕೂತೆವು. ಅವನ ಪಂಚೆಯ ಅಂಚು ನನ್ನದಕ್ಕಿಂತ ಅಗಲವೇ ಎಂದು ನೋಡಿಕೊಂಡೆ, ಒಂದೇ ಅಗಲವಿತ್ತು. ಅತ್ತೆ ಕಂಬಕ್ಕೊರಗಿ ಕೂತು, "ಹೇಳಿ ಅಳಿಯಂದ್ರೇ" ಎಂದರು.

ಎಲ್ಲವನ್ನೂ ಹೇಳಿದೆ. ಲಾಭ ನಿಜ, ಸಾಲ ಕಡಿಮೆ, ಟೀವಿ ಗಟ್ಟಿ. ಆದರೆ ವರದಿಯಲ್ಲಿರುವುದು ಹೋದ ವರ್ಷದ ಕಥೆ, ಗಾಂಧಿ ಬಜಾರಿನ ಧೂಳು ಈ ವರ್ಷದ್ದು. "ಇವತ್ತಿಗೆ ಕಂಪನಿ ಒಳ್ಳೇದೇ ಅತ್ತೆ. ಇಟ್ಕೊಳ್ಳಬಹುದು. ಆದ್ರೆ ಇಟ್ಟು ಮರೆಯೋ ಹಾಗಿಲ್ಲ. ಅಂಗಡಿ, ಪೇಪರು, ಲೆಕ್ಕ ಮೂರನ್ನೂ ನೋಡ್ತಾ ಇರ್ಬೇಕು, ಕೆಡೋ ಸೂಚನೆ ಕಂಡ ದಿನ ಕೊಟ್ಬಿಡ್ಬೇಕು." ಆಮೇಲೆ, ಹೇಳದೆ ಇರಲಾರದೆ ಹೇಳಿದೆ: "ಇನ್ನೊಂದು ಮಾತು. ಈ ಷೇರು ಬಂದಾಗಿಂದ ನಂಗೆ ನಾಗರಾಜನ ಮೇಲೆ ಹೊಟ್ಟೆಕಿಚ್ಚು. ಮಾರ್ಸಿಬಿಡ್ಬೇಕು ಅಂತಾನೇ ಬಂದಿದ್ದೆ. ಹಾಗಾಗಿ ನನ್ನ ಮಾತನ್ನ ಸ್ವಲ್ಪ ಸೋಸಿ ತಗೊಳ್ಳಿ."

ಸರೋಜ ತಲೆ ಬಗ್ಗಿಸಿ ನಗು ತಡೆದುಕೊಂಡಳು. ನಾಗರಾಜನ ಬಾಯಿ ಮಾತ್ರ ತೆರೆದೇ ಉಳಿಯಿತು. "ನನ್ ಮೇಲಾ? ನಿಮಗಾ? ಅಯ್ಯೋ ಅಣ್ಣ!" ಎಂದವನ ಮುಖ ಇದ್ದಕ್ಕಿದ್ದಂತೆ ಅರಳಿತು. ಡಿಗ್ರಿ ಕೊಟ್ಟ ದಿನ ನನ್ನ ಮುಖ ಹಾಗೆ ಅರಳಿದ್ದಿರಬೇಕು. "ನಿಮ್ಮನೆಗೆ ಬಂದಾಗೆಲ್ಲ ಬಾಗ್ಲಲ್ಲೇ ಆ ಡಿಗ್ರಿ ಫ್ರೇಮು ಕಣ್ಣಿಗೆ ಹೊಡೀತಿತ್ತು. ನಮ್ಮನೇಲೂ ಒಂದು ಇರ್ಲಿ ಅಂತ ತಾನೇ ಇದಕ್ಕೆ ಗಾಜು ಹಾಕ್ಸಿದ್ದು! ನೋಡ್ಕೊಳ್ಳೋದಕ್ಕೇನು, ನಾನಿದೀನಲ್ಲ. ದಿನಾ ಅಗರಬತ್ತಿ ಬೆಳಗ್ತೀನಿ."

ಅತ್ತೆ ಇಬ್ಬರನ್ನೂ ಒಂದು ಸುತ್ತು ನೋಡಿದರು. ಎದ್ದು, ನಾಗರಾಜನಿಗೇ ಹೇಳಿ ಫ್ರೇಮು ಇಳಿಸಿಕೊಂಡರು. ಅಂಟಿದ್ದ ಕುಂಕುಮವನ್ನು ಸೆರಗಿನಿಂದ ಒರೆಸಿ, ಗಾಜುಸಮೇತ ಆ ಸರ್ಟಿಫಿಕೇಟನ್ನು ತಂದು ನನ್ನ ಕೈಗಿಟ್ಟರು.

"ತಗೊಳ್ಳಿ, ಇದು ನಿಮ್ಮ ಮನೇಲೇ ಇರ್ಲಿ. ಇಲ್ಲಿ ಎಲ್ರೂ ಕೈ ಮುಗೀತಾರೆ, ಒಬ್ರೂ ಕಣ್ಣುಬಿಟ್ಟು ನೋಡಲ್ಲ. ನೀವಾದ್ರೆ ಹೊಟ್ಟೆ ಉರ್ಕೊಂಡಾದ್ರೂ ದಿನಾ ನೋಡ್ತೀರಿ."