ಶಿರವಾಳದ ದವಾಖಾನೆಯ ಪಂಚಶೀಲಾ

ಪಂಚಶೀಲಾ ಕಲಬುರಗಿಯಲ್ಲಿ ಓದಿ ಫಿಜಿಶಿಯನ್ ಅಸಿಸ್ಟೆಂಟ್ ಆಗಿದ್ದಳು. ವೈದ್ಯರ ಕೈಕೆಳಗೆ ರೋಗಿಗಳನ್ನು ತಪಾಸಣೆ ಮಾಡುವ ಕೆಲಸ. ಆ ಹೆಸರಿಗೆ ಶಿರವಾಳದವರ ನಾಲಿಗೆ ಹೊರಳಲಿಲ್ಲ. ಎಲ್ಲರಿಗೂ ಅವಳು ಡಾಕ್ಟರಮ್ಮನೇ. ಮೊದಮೊದಲು ತಿದ್ದಿದಳು, ಆಮೇಲೆ ಸುಮ್ಮನಾದಳು.

ಶಹಾಪುರದಿಂದ ದಿನಾ ಬಂದು ಅವಳನ್ನು ಕೈಕೆಳಗಿಟ್ಟುಕೊಂಡು ಶಿರವಾಳದ ದವಾಖಾನೆ ನಡೆಸುತ್ತಿದ್ದ ಡಾಕ್ಟರ್ ಭಗವಂತರಾಯರು ಹೃದಯಾಘಾತದಿಂದ ತೀರಿಕೊಂಡರು. ಅವರ ಮಣ್ಣು ಮುಗಿಸಿ ಬಂದ ಪಂಚಶೀಲಾಳಿಗೆ ದವಾಖಾನೆಯ ಬಾಗಿಲ ಮುಂದೆ ಜ್ವರದ ಕೂಸನ್ನೆತ್ತಿಕೊಂಡ ತಾಯಿ ಕಂಡಳು. ಹಿಂದಕ್ಕೆ ಕಳಿಸಲು ಮನಸ್ಸಾಗಲಿಲ್ಲ, ಬೀಗ ತೆಗೆದಳು. ಕೂಸು ಗುಣವಾಯಿತು. ರೋಗಿಗಳು ಬರತೊಡಗಿದರು. ಅಣ್ಣ ಕಾಂತೇಶ ಕೇಳದೆಯೇ ‘ಡಾ. ಪಂಚಶೀಲಾ’ ಎಂದು ಬೋರ್ಡು ಬರೆಸಿ ತಂದ.

“ಹಾಕಬ್ಯಾಡಣ್ಣ. ನಾ ಡಾಕ್ಟರ್ ಅಲ್ಲ.”

“ಊರೇ ಡಾಕ್ಟರ್ ಅಂತದ. ನೀ ಒಬ್ಬಾಕಿ ಅಲ್ಲಂದ್ರ ಏನಾಗ್ತದ?”

ಬೋರ್ಡು ಏರಿತು. ಅವಳು ತಡೆಯಲಿಲ್ಲ.

ಒಂದು ಮುಂಜಾನೆ ಕೂಲಿಯ ಶೇಖಮ್ಮ ಹೊಟ್ಟೆ ಹಿಡಿದುಕೊಂಡು ಬಂದಳು. ಒತ್ತಿ ನೋಡುತ್ತಿದ್ದ ಪಂಚಶೀಲಾಳ ಕೈ ಅಲ್ಲೇ ನಿಂತಿತು. ಬರೀ ಪಿತ್ತವೋ, ಅಪೆಂಡಿಕ್ಸೋ? ಹಿಂದೆಲ್ಲ ಅನುಮಾನ ಬಂದರೆ ಒಳಕೋಣೆಗೆ ಹೋಗಿ ರಾಯರನ್ನು ಕೇಳುತ್ತಿದ್ದಳು. ಈಗ ಕೇಳಲು ಯಾರೂ ಇರಲಿಲ್ಲ.

“ಶಹಾಪುರದ ದೊಡ್ಡ ದವಾಖಾನಿಗಿ ಹೋಗೂಣು ನಡೀರಿ.”

“ನೀವ ಏನಾರ ಕೊಡ್ರಿ ಡಾಕ್ಟರಮ್ಮ. ನಿಮ್ಮ ಮ್ಯಾಲ ಭರೋಸಾ ಅದ.”

ಆ ಮಾತಿಗೆ ಅವಳಿಗೆ ಭಯವಾಯಿತು. ತಾನೇ ಆಟೋ ಹತ್ತಿಸಿ ಕರೆದೊಯ್ದಳು. ಅಪೆಂಡಿಕ್ಸ್ ಒಡೆದಿತ್ತು, ಆಪರೇಷನ್ ಆಗಿ ಶೇಖಮ್ಮ ಬದುಕಿದಳು.

ಶಹಾಪುರದ ಆಸ್ಪತ್ರೆಯಿಂದ ಸುದ್ದಿ ತಿಳಿದು ಕೆಲದಿನಗಳಲ್ಲಿ ಆರೋಗ್ಯ ಇಲಾಖೆಯ ಅಧಿಕಾರಿ ದೇವಿಂದ್ರ ಬಂದರು.

“ಡಾಕ್ಟರ್ ಇಲ್ದ ನೀವು ಔಷಧ ಬರಿಯೂ ಹಂಗಿಲ್ರಿ. ಹೆಸರಿನ ಮುಂದ ‘ಡಾ.’ ಹಾಕೂ ಹಂಗೂ ಇಲ್ಲ.”

“ಶೇಖಮ್ಮನ ಜೀವ ಉಳಿಸ್ಯಾಳಲ್ರಿ!” ಕಾಂತೇಶ ರೇಗಿದ.

“ಉಳಿಸ್ಯಾರ, ಖರೆ. ಅವತ್ತ ಬರೀ ಪಿತ್ತ ಅಂತ ಗುಳಿಗಿ ಕೊಟ್ಟಿದ್ರ ಏನಾಗ್ತಿತ್ತು?”

ಕಾಂತೇಶ ಮತ್ತೇನೋ ಹೇಳಲು ಹೋದ. “ಸಾಕಣ್ಣ,” ಎಂದಳು ಪಂಚಶೀಲಾ, ತಾನೇ ಸ್ಟೂಲು ಹತ್ತಿ ಬೋರ್ಡು ಇಳಿಸಿದಳು. ಅವಮಾನದಿಂದ ಮುಖ ಸುಡುತ್ತಿತ್ತು. ಎದೆಯ ಮೇಲಿನ ಭಾರ ಮಾತ್ರ ಇಳಿದಂತಿತ್ತು. ಬಾಗಿಲಿಗೆ ಸೀಲು ಬಿತ್ತು.

ಈಗ ಅವಳು ಯಾದಗಿರಿಯ ಆಸ್ಪತ್ರೆಯೊಂದರಲ್ಲಿ ಡಾಕ್ಟರ್ ಪರಿಮಳಾ ಅವರ ಕೈಕೆಳಗೆ ದುಡಿಯುತ್ತಾಳೆ. ಶಿರವಾಳಕ್ಕೆ ಬೇರೆ ವೈದ್ಯರು ಬಂದಿಲ್ಲ. ಅಲ್ಲಿಯ ಕೆಲವರು ಏನೂ ಓದದವನಿಂದ ಸೂಜಿ ಹಾಕಿಸಿಕೊಳ್ಳುತ್ತಾರಂತೆ. ಅದನ್ನು ಕೇಳಿದ ದಿನ ಅವಳಿಗೆ ಊಟ ಸೇರಲಿಲ್ಲ.

ಮೊನ್ನೆ ಶಿರವಾಳದ ಮುದುಕ ಮಲ್ಕಪ್ಪ ಕೆಮ್ಮುತ್ತ ಯಾದಗಿರಿಯವರೆಗೂ ಬಂದಿದ್ದ.

“ನಮ್ಮನ್ನ ಬಿಟ್ಟು ಬಂದ್ಯಲ್ಲವ್ವಾ,” ಎಂದ.

ಪಂಚಶೀಲಾ ಅವನ ರಟ್ಟೆ ಹಿಡಿದು ಮೆಲ್ಲಗೆ ಪರಿಮಳಾ ಅವರ ಕೋಣೆಗೆ ಕರೆದುಕೊಂಡು ಹೋದಳು.